ಎತ್ತರದ ಹುಡುಗನನ್ನು ರಿಂಗ್ ಕೆಳಗೆ ನಿಲ್ಲಿಸಿ ಮರೆಯಬೇಡಿ

ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಪಿಇ ಟೀಚರ್. ಬ್ಯಾಸ್ಕೆಟ್‌ಬಾಲ್ ತಂಡದ ಜವಾಬ್ದಾರಿಯೂ ನನ್ನದೇ. ಈ ಕೆಲಸದಲ್ಲಿ ಕಲಿತ ಒಂದು ವಿಷಯವನ್ನು ಬೇರೆ ಪಿಇ ಟೀಚರ್‌ಗಳಿಗೆ ಹೇಳಲೇಬೇಕು ಅನಿಸಿದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಇರುವ ಹುಡುಗನನ್ನು ರಿಂಗ್ ಕೆಳಗೆ ನಿಲ್ಲಿಸಿದರೆ ಶಾಲೆಗೆ ಕಪ್ ಬರುತ್ತದೆ, ಆದರೆ ಆ ಹುಡುಗನ ಆಟ ಅಲ್ಲಿಗೇ ನಿಂತುಬಿಡುತ್ತದೆ.

ತಾಲ್ಲೂಕು ಮಟ್ಟದಲ್ಲಿ ಐದೂಮುಕ್ಕಾಲು ಅಡಿಯ ಒಬ್ಬ ಹುಡುಗ ಇದ್ದರೆ ಸಾಕು. ಬಾಲ್ ಮೇಲಕ್ಕೆ ಎಸೆದರೆ ಅವನೇ ಹಿಡಿಯುತ್ತಾನೆ, ಬೋರ್ಡಿಗೆ ತಾಗಿಸಿ ಹಾಕುತ್ತಾನೆ. ಡ್ರಿಬಲ್ (ಬಾಲ್ ನೆಲಕ್ಕೆ ಪುಟಿಸುತ್ತಾ ಓಡುವುದು) ಬೇಡ, ಎಡಗೈ ಬೇಡ, ದೂರದ ಶಾಟ್ ಬೇಡ. "ಲೇ ತಮ್ಮಾ, ನೀನು ಸುಮ್ನೆ ಅಲ್ಲೇ ನಿಂತ್ಕೋ, ಬಾಲ್ ನಿನ್ ಹತ್ರಾನೇ ಬರ್ತದೆ" ಅಂತ ಲೈನ್ ಆಚೆಯಿಂದ ಕೂಗುವುದನ್ನು ಎಲ್ಲ ಕಡೆ ಕೇಳುತ್ತೇವೆ. ಜಿಲ್ಲಾ ಮಟ್ಟವನ್ನೂ ಹೀಗೇ ದಾಟಬಹುದು. ಕಲಬುರಗಿ ವಿಭಾಗ ಮಟ್ಟಕ್ಕೆ ಹೋದಾಗ ಕಷ್ಟ ಶುರುವಾಗುತ್ತದೆ. ರಾಜ್ಯ ಮಟ್ಟಕ್ಕೆ ಹೋದರೆ ಬೆಂಗಳೂರು, ಮೈಸೂರು ಕಡೆಯ ತಂಡಗಳಲ್ಲಿ ಇವನಷ್ಟೇ ಎತ್ತರದ ಹುಡುಗ ಗಾರ್ಡ್ ಆಗಿ, ಅಂದರೆ ಹೊರಗಿನಿಂದ ಆಟ ಕಟ್ಟುವವನಾಗಿ, ಬಾಲ್ ತಗೊಂಡು ಓಡುತ್ತಿರುತ್ತಾನೆ.

ಸಿರುಗುಪ್ಪ ಕಡೆಯ ಒಬ್ಬ ಹುಡುಗ ಬೇರೆ ಶಾಲೆಯಿಂದ ನಮ್ಮಲ್ಲಿಗೆ ಒಂಬತ್ತನೇ ಕ್ಲಾಸಿಗೆ ಬಂದ. ಒಳ್ಳೆ ಎತ್ತರ, ಉದ್ದ ಕೈ, ಹೇಳಿದ ಮಾತು ಕೇಳುವ ಹುಡುಗ. ಎಡಗೈಯಲ್ಲಿ ಡ್ರಿಬಲ್ ಮಾಡುತ್ತಾ ಆ ತುದಿಗೆ ಹೋಗಿ ಬಾ ಅಂದೆ. ಅರ್ಧ ಕೋರ್ಟ್ ಕೂಡ ದಾಟಲಿಲ್ಲ, ಬಾಲ್ ಅವನ ಮೊಣಕಾಲಿಗೇ ತಾಗಿ ಹೊರಗೆ ಉರುಳಿತು. ನೆಟ್ಟಗೆ ನಿಂತೇ ಓಡುತ್ತಿದ್ದ, ಕಣ್ಣು ಬಾಲ್ ಮೇಲೇ ಇತ್ತು. ಬೆರಳಿನಿಂದ ಒತ್ತುವ ಬದಲು ಅಂಗೈಯಿಂದ ಬಡಿಯುತ್ತಿದ್ದ. ವರ್ಷಗಟ್ಟಲೆ ಶಾಲಾ ತಂಡದಲ್ಲಿ ಆಡಿದವನು, ಕಪ್ ಗೆದ್ದವನು! "ಸರ್, ನಾನು ಸೆಂಟರ್ ಅಲ್ವಾ, ನಂಗೆ ಇದನ್ನ ಯಾರೂ ಮಾಡ್ಸಿಲ್ಲ" ಅಂದ. ಸೆಂಟರ್ ಅಂದರೆ ರಿಂಗ್ ಕೆಳಗೆ ನಿಲ್ಲುವ ಆಟಗಾರ. ನನಗೆ ಹೊಟ್ಟೆ ಉರಿದುಹೋಯಿತು. ಅವನ ತಪ್ಪು ಏನಿದೆ ಇದರಲ್ಲಿ?

ನಮ್ಮೂರಲ್ಲಿ ಮಾತ್ರ ಹೀಗಲ್ಲ. ಪಿ.ಜೆ. ಟಕರ್ ಅಂತ ಅಮೆರಿಕದ ಒಬ್ಬ ಆಟಗಾರನ ಕಥೆಯನ್ನು ನಮ್ಮ ಹುಡುಗರಿಗೆ ತಪ್ಪದೆ ಹೇಳುತ್ತೇನೆ. ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಹೈಸ್ಕೂಲ್, ಆಮೇಲೆ ಟೆಕ್ಸಾಸ್ ವಿಶ್ವವಿದ್ಯಾಲಯ. ಎತ್ತರ 6 ಅಡಿ 5 ಇಂಚು. ಕಾಲೇಜಿನಲ್ಲಿ ಮೈಬಲದಿಂದ ಒಳಗೆ ನುಗ್ಗಿ ಪಾಯಿಂಟ್ ಹಾಕುತ್ತಿದ್ದ, 2006ರಲ್ಲಿ ಬಿಗ್ 12 ಅನ್ನುವ ಕಾಲೇಜು ಲೀಗಿನ ವರ್ಷದ ಆಟಗಾರನೂ ಆದ. ಅದೇ ವರ್ಷ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯ ಟೊರಾಂಟೊ ತಂಡ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 35ನೆಯವನಾಗಿ ಆರಿಸಿಕೊಂಡಿತು. ಎನ್‌ಬಿಎಯಲ್ಲಿ ಒಳಗೆ ಆಡುವವರು ಏಳಡಿ ಹತ್ತಿರ ಇರುತ್ತಾರೆ, ಇವನ ಹಳೆ ಆಟ ಅಲ್ಲಿ ನಡೆಯಲಿಲ್ಲ. ಮೊದಲ ಸೀಸನ್ ಮುಗಿಯುವ ಮೊದಲೇ ತಂಡ ಕೈಬಿಟ್ಟಿತು.

ಅಲ್ಲಿಂದ ಐದು ವರ್ಷ ದೇಶದಿಂದ ದೇಶಕ್ಕೆ ಅಲೆದಾಟ. ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ. 2008ರಲ್ಲಿ ಹಪೋಯೆಲ್ ಹೋಲನ್ ಅನ್ನುವ ತಂಡದಲ್ಲಿದ್ದಾಗ ಇಸ್ರೇಲ್ ಲೀಗ್ ಗೆದ್ದ, ವರ್ಷಾನುಗಟ್ಟಲೆ ಮಕಾಬಿ ಟೆಲ್ ಅವೀವ್ ಬಿಟ್ಟು ಬೇರೆ ಯಾರೂ ಗೆಲ್ಲದ ಲೀಗ್ ಅದು. 2012ರಲ್ಲಿ ಜರ್ಮನಿಯಲ್ಲೂ ಚಾಂಪಿಯನ್. ಅದೇ ವರ್ಷ 27ನೇ ವಯಸ್ಸಿಗೆ ಫೀನಿಕ್ಸ್ ಸನ್ಸ್ ತಂಡ ಅವನನ್ನು ಎನ್‌ಬಿಎಗೆ ವಾಪಸ್ ಕರೆದುಕೊಂಡಿತು. ಈ ಸಲ ಅವನ ಕೆಲಸವೇ ಬೇರೆ ಇತ್ತು. ಎದುರು ತಂಡದ ಒಳ್ಳೆ ಆಟಗಾರನಿಗೆ ಅಂಟಿಕೊಂಡು ಡಿಫೆನ್ಸ್ ಮಾಡುವುದು, ಕಾರ್ನರ್‌ನಲ್ಲಿ, ಅಂದರೆ ಕೋರ್ಟಿನ ಮೂಲೆಯಲ್ಲಿ ನಿಂತು ತ್ರೀ ಪಾಯಿಂಟ್ (ದೂರದ ಗೆರೆಯ ಹೊರಗಿನಿಂದ ಹಾಕಿದರೆ ಸಿಗುವ ಮೂರು ಪಾಯಿಂಟ್) ಹಾಕುವುದು. ಎನ್‌ಬಿಎಯಲ್ಲಿ ತ್ರೀ ಪಾಯಿಂಟ್ ಗೆರೆ ರಿಂಗ್‌ನಿಂದ ನೇರಕ್ಕೆ 23 ಅಡಿ 9 ಇಂಚು ದೂರ, ಕಾರ್ನರ್‌ನಲ್ಲಿ ಮಾತ್ರ 22 ಅಡಿ, ಅದಕ್ಕೇ ಆ ಜಾಗಕ್ಕೆ ಬೆಲೆ. 2021ರಲ್ಲಿ ಮಿಲ್ವಾಕಿ ಬಕ್ಸ್ ಎನ್‌ಬಿಎ ಗೆದ್ದಾಗ ಆ ತಂಡದಲ್ಲಿ ಟಕರ್ ಇದ್ದ. ಇಪ್ಪತ್ತು ದಾಟಿದ ಮೇಲೆ ಆಟವನ್ನೇ ಬದಲಿಸಿಕೊಳ್ಳುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ.

ನಮ್ಮ ದೇಶದ್ದೇ ನೋಡಿ. ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್, 7 ಅಡಿ 2 ಇಂಚು. 14ನೇ ವಯಸ್ಸಿಗೆ ಫ್ಲಾರಿಡಾದ ಐಎಂಜಿ ಅಕಾಡೆಮಿ ಸೇರಿ, 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದ. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗ. ಎಷ್ಟು ಹೆಮ್ಮೆಪಟ್ಟಿದ್ದೆವು ಅಲ್ವಾ! ಆದರೆ ಅದೇ ವರ್ಷದ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡ ತನ್ನ ಎತ್ತರದ ಸೆಂಟರನ್ನು ಬೆಂಚಿನಲ್ಲಿ ಕೂರಿಸಿ, ಎಲ್ಲರೂ ಓಡುವ, ಎಲ್ಲರೂ ಪಾಸ್ ಮಾಡುವ ಐದು ಜನರನ್ನು ಇಳಿಸಿ ಗೆದ್ದಿತ್ತು. ಆಟವೇ ಆ ಕಡೆ ಹೊರಳುತ್ತಿತ್ತು. ಸತ್ನಾಮ್‌ಗೆ ಎನ್‌ಬಿಎ ಪಂದ್ಯ ಆಡಲು ಅವಕಾಶ ಸಿಗಲೇ ಇಲ್ಲ. ಡಲ್ಲಾಸಿನ ಕೆಳಗಿನ ತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಆಡಿದ, ಆಮೇಲೆ ಕೆನಡಾದ ಲೀಗಿನಲ್ಲಿ. ಅಷ್ಟು ಎತ್ತರದವನಿಗೇ ಈ ಪಾಡಾದರೆ ನಮ್ಮ ಐದೂಮುಕ್ಕಾಲು ಅಡಿಯ "ಸೆಂಟರ್" ಏನು ಮಾಡಬೇಕು?

ವಿದೇಶಿ ಲೀಗ್ ಅಂದರೆ ಅಪ್ಪ ಅಮ್ಮಂದಿರ ಕಣ್ಣು ಅರಳುತ್ತದೆ. ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬಹಳ ಲೀಗುಗಳಲ್ಲಿ ಒಂದು ತಂಡಕ್ಕೆ ಇಷ್ಟೇ ಹೊರದೇಶದವರು ಅಂತ ಮಿತಿ ಇದೆ. ಸಾಮಾನ್ಯವಾಗಿ ಮನೆ, ವಿಮಾನದ ಟಿಕೆಟ್ ಕ್ಲಬ್ಬೇ ಕೊಡುತ್ತದೆ, ಆದರೆ ಆಟ ಕೈಕೊಟ್ಟರೆ ಸೀಸನ್ ಮಧ್ಯದಲ್ಲೇ ಮನೆಗೆ ಕಳಿಸಿ ಬೇರೆಯವನನ್ನು ತರುತ್ತದೆ. ಸಂಬಳ ಬಾಕಿ ಉಳಿಸಿಕೊಳ್ಳುವ ಕ್ಲಬ್‌ಗಳೂ ಇವೆ. ಅಂಥ ಜಗಳ ಬಗೆಹರಿಸಲು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2007ರಲ್ಲಿ ಒಂದು ನ್ಯಾಯಮಂಡಳಿಯನ್ನೇ ಮಾಡಬೇಕಾಯಿತು. ಹಾಗಂತ ನಮ್ಮವರಿಗೆ ಆಗುವುದೇ ಇಲ್ಲ ಅಂತಲ್ಲ. ಭಾರತ ತಂಡದ ಆಟಗಾರ ಅಮೃತ್‌ಪಾಲ್ ಸಿಂಗ್ 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದ. ಕೇರಳದ ಗೀತು ಅನ್ನಾ ಜೋಸ್ ಅದಕ್ಕೂ ಎಷ್ಟೋ ಮೊದಲೇ ಆಸ್ಟ್ರೇಲಿಯಾದ ರಿಂಗ್‌ವುಡ್ ತಂಡಕ್ಕೆ ಆಡಿ ಬಂದಿದ್ದರು. ಹೆಣ್ಣುಮಕ್ಕಳ ಪೋಷಕರಿಗೆ ಈ ಹೆಸರನ್ನು ಬೇಕಂತಲೇ ಹೇಳುತ್ತೇನೆ. ಗೀತು ರೈಲ್ವೆ ಕೆಲಸದಲ್ಲಿದ್ದವರು ಅಂದ ಕೂಡಲೇ ತಾಯಂದಿರು ಇನ್ನೂ ಗಮನ ಕೊಟ್ಟು ಕೇಳುತ್ತಾರೆ.

ಇಷ್ಟೆಲ್ಲ ಕಲಿಸಲು ನಮ್ಮ ಹತ್ತಿರ ಟೈಮ್ ಎಲ್ಲಿದೆ? ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಸಿಮೆಂಟ್ ಕೋರ್ಟ್ ಮೇಲೆ ಕಾಲಿಡೋಕಾಗಲ್ಲ, ಸಿಗುವುದು ಬೆಳಿಗ್ಗೆ ಒಂದು ಗಂಟೆ. ನಾನು ಅದರ ಹೆಚ್ಚಿನ ಪಾಲನ್ನು ಮೂರು ಮೂರು ಜನರ ಆಟಕ್ಕೆ, ಅಂದರೆ ಈಗ ಒಲಿಂಪಿಕ್ಸ್‌ನಲ್ಲೂ ಇರುವ 3x3 ಆಟಕ್ಕೆ ಕೊಡುತ್ತೇನೆ. ಅರ್ಧ ಕೋರ್ಟ್, ಒಂದೇ ರಿಂಗ್ ಸಾಕು. ಹತ್ತು ನಿಮಿಷ ಅಥವಾ 21 ಪಾಯಿಂಟ್, ಬಾಲ್ ಸಿಕ್ಕ ಮೇಲೆ 12 ಸೆಕೆಂಡಿನೊಳಗೆ ಶಾಟ್. ಎದುರಿನವರಿಂದ ಬಾಲ್ ಸಿಕ್ಕರೆ ಮೊದಲು ರಿಂಗ್‌ನಿಂದ ದೂರ ಇರುವ ಕಮಾನಿನಂಥ ಗೆರೆಯ ಆಚೆ ತರಬೇಕು. ಹಾಗಾಗಿ ರೀಬೌಂಡ್ (ರಿಂಗಿಗೋ ಬೋರ್ಡಿಗೋ ತಾಗಿ ವಾಪಸ್ ಬಂದ ಬಾಲ್) ಹಿಡಿದ ಉದ್ದದ ಹುಡುಗ ಸುಮ್ನೆ ನಿಂತಲ್ಲೇ ನಿಲ್ಲುವಂತಿಲ್ಲ. ಡ್ರಿಬಲ್ ಮಾಡಬೇಕು, ಇಲ್ಲಾ ನೋಡಿ ಪಾಸ್ ಕೊಡಬೇಕು. ಐದು ಜನರ ಆಟದಲ್ಲಿ ಅಡಗಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ.

ಸಿರುಗುಪ್ಪದ ಹುಡುಗ ಮೊದಮೊದಲು ಇದರಲ್ಲಿ ಬರೀ ಸೋಲುತ್ತಿದ್ದ, ಪುಟ್ಟ ಹುಡುಗರು ಅವನ ಕೈಯಿಂದ ಬಾಲ್ ಕಿತ್ತುಕೊಂಡು ಓಡುತ್ತಿದ್ದರು. ಅವನ ತಂದೆ ಬಂದು "ಸರ್, ಅವ ಉದ್ದ ಅದಾನ, ರಿಂಗ್ ಹತ್ರ ನಿಲ್ಸಿ, ಗೆಲ್ತೀವಿ" ಅಂದರು. "ಅಣ್ಣಾ, ಈ ವರ್ಷ ಕಪ್ ಬರದಿದ್ರೂ ಪರವಾಗಿಲ್ಲ, ಅವನಿಗೆ ಎಡಗೈ ಬರಲಿ" ಅಂದೆ. ಆ ವರ್ಷ ಜಿಲ್ಲಾ ಮಟ್ಟದಲ್ಲೇ ಸೋತೆವು. ಮ್ಯಾನೇಜ್‌ಮೆಂಟಿನವರು ಕರೆದು ಕಾರಣ ಕೇಳಿದರು, ಇದನ್ನೇ ಹೇಳಿದೆ. ಈಗ ಅವನು ಪಿಯುಸಿ, ಕಾಲೇಜು ತಂಡದಲ್ಲಿ ಡ್ರಿಬಲ್ ಮಾಡುತ್ತಾ ಬಾಲನ್ನು ಎದುರಿನವರ ರಿಂಗ್ ಕಡೆ ತರುವವನು ಅವನೇ.