ಬ್ಲೇಮ್ ತೆಗೆದರೆ ಎಲ್ಲ ಸಾಲಿಗೂ ನನ್ನ ಹೆಸರು

ಬಿಲ್ಲಿಂಗ್ ಸರ್ವಿಸ್ ರಾತ್ರಿ ಕೈಕೊಟ್ಟಾಗ ಆನ್‌ಕಾಲ್‌ನಲ್ಲಿದ್ದವನು ಗಿಟ್ ಬ್ಲೇಮ್ (ಯಾವ ಸಾಲನ್ನು ಕೊನೆಗೆ ಬದಲಿಸಿದ್ದು ಯಾರು ಅಂತ ತೋರಿಸುವ ಕಮಾಂಡ್) ತೆಗೆದಿದ್ದ. ಯಾವ ಸಾಲು ನೋಡಿದರೂ ನನ್ನ ಹೆಸರು. "ಏನ್ ಗುರು, ಇಡೀ ರೆಪೊ ನೀನೇ ಬರ್ದಿದ್ದಾ?" ಅಂತ ಫೋನು. ಆ ಕೋಡನ್ನು ನಾನು ಓದಿಯೂ ಇರಲಿಲ್ಲ. ಹಿಂದಿನ ವಾರ ಇಡೀ ಪೈಥಾನ್ ರೆಪೊ (ಕೋಡಿನ ಸಂಗ್ರಹ) ಮೇಲೆ, ಸಾಲುಗಳ ಜೋಡಣೆಯನ್ನಷ್ಟೇ ತಿದ್ದುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ಓಡಿಸಿದ್ದೆ, ಅಷ್ಟೇ.

ಇದಕ್ಕೆ ಮದ್ದು ಗಿಟ್‌ನಲ್ಲೇ ಇದೆ. 2019ರ 2.23ನೇ ಆವೃತ್ತಿಯಿಂದ, ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಹ್ಯಾಶ್‌ಗಳನ್ನು, ಅಂದರೆ ಗುರುತಿನ ಸಂಖ್ಯೆಗಳನ್ನು, ಒಂದು ಫೈಲಿನಲ್ಲಿ ಬರೆದಿಟ್ಟರೆ ಬ್ಲೇಮ್ ಅವನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಆ ಫೈಲನ್ನು ನಾನು ಹಾಕಿಯೂ ಇದ್ದೆ. ಆದರೆ ಫಾರ್ಮ್ಯಾಟ್ ಮಾಡಿದ ಪಿಆರ್‌ನಲ್ಲೇ (ಪುಲ್ ರಿಕ್ವೆಸ್ಟ್, ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ), ನನ್ನ ಬ್ರಾಂಚಿನ (ನಾನು ಕೆಲಸ ಮಾಡಿದ ಪ್ರತ್ಯೇಕ ಕವಲಿನ) ಹ್ಯಾಶ್ ಬರೆದು ಹಾಕಿದ್ದೆ. ನಮ್ಮಲ್ಲಿ ಸ್ಕ್ವಾಶ್ ಮರ್ಜ್ ಕಡ್ಡಾಯ: ಬ್ರಾಂಚಿನ ಕಮಿಟ್‌ಗಳೆಲ್ಲ ಒಂದೇ ಆಗಿ ಮೇನ್ ಎಂಬ ಮುಖ್ಯ ಬ್ರಾಂಚಿಗೆ ಸೇರುತ್ತವೆ. ಬಟನ್ ಒತ್ತಿದ ಕ್ಷಣ ಮೇನ್‌ನಲ್ಲಿ ಹೊಸ ಕಮಿಟ್, ಹೊಸ ಹ್ಯಾಶ್. ನಾನು ಬರೆದದ್ದು ಮೇನ್‌ನ ಇತಿಹಾಸದಲ್ಲಿ ಎಲ್ಲೂ ಇಲ್ಲ. ಮೊಟಕು ಹ್ಯಾಶ್ ಹಾಕಿದರೆ ಗಿಟ್ ಎರರ್ ಕೊಟ್ಟು ನಿಲ್ಲುತ್ತದೆ. ಪೂರ್ತಿ 40 ಅಕ್ಷರದ ತಪ್ಪು ಹ್ಯಾಶ್ ಹಾಕಿದರೆ ಮಾತ್ರ ತುಟಿ ಬಿಚ್ಚುವುದಿಲ್ಲ.

ಹಾಗಾಗಿ ಎರಡು ಪಿಆರ್ ಬೇಕೇ ಬೇಕು. ಮೊದಲನೆಯದರಲ್ಲಿ ಫಾರ್ಮ್ಯಾಟರ್ ಮಾಡಿದ ಬದಲಾವಣೆ ಬಿಟ್ಟು ಒಂದು ಸಾಲೂ ಕೈಯಿಂದ ಮುಟ್ಟಬಾರದು. ಅದು ಮರ್ಜ್ ಆದ ಮೇಲೆ, ಮೇನ್‌ನ ಲಾಗ್‌ನಿಂದ ಹ್ಯಾಶ್ ತೆಗೆದು ಎರಡನೆಯದರಲ್ಲಿ ಸೇರಿಸಬೇಕು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋ ಯೋಜನೆ 2022ರ ಫೆಬ್ರುವರಿಯಲ್ಲಿ ಬ್ಲ್ಯಾಕ್‌ಗೆ ಹೋದಾಗಲೂ ಫಾರ್ಮ್ಯಾಟಿಂಗನ್ನು ಬೇರೆಯದೇ ಕಮಿಟ್ ಮಾಡಿತ್ತು.

ತೆರೆದಿದ್ದ ಪಿಆರ್‌ಗಳದು ಇನ್ನೊಂದು ಗೋಳು. ಎಲ್ಲದರಲ್ಲೂ ಕಾನ್‌ಫ್ಲಿಕ್ಟ್ (ಒಂದೇ ಸಾಲಿಗೆ ಎರಡು ಕಡೆಯ ಬದಲಾವಣೆ), ಸ್ಟ್ಯಾಂಡಪ್‌ನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಒಂದೊಂದನ್ನೇ ಕೈಯಿಂದ ಬಿಡಿಸುತ್ತ ಕೂರಬೇಕಿರಲಿಲ್ಲ. ಫಾರ್ಮ್ಯಾಟ್ ಕಮಿಟ್‌ಗೆ ಸರಿಯಾಗಿ ಹಿಂದಿನ ಕಮಿಟನ್ನು ಮೊದಲು ಬ್ರಾಂಚಿಗೆ ಮರ್ಜ್ ಮಾಡಿ. ಆಮೇಲೆ ಅದೇ ಆವೃತ್ತಿಯ ಬ್ಲ್ಯಾಕನ್ನು, ಅದೇ ಸೆಟ್ಟಿಂಗ್‌ನಲ್ಲಿ ಬ್ರಾಂಚಿನ ಮೇಲೆ ಓಡಿಸಿ ಕಮಿಟ್ ಮಾಡಿ. ಈಗ ಫಾರ್ಮ್ಯಾಟ್ ಕಮಿಟನ್ನು 'ಅವರ್ಸ್' ಸ್ಟ್ರ್ಯಾಟಜಿಯಲ್ಲಿ ಮರ್ಜ್ ಮಾಡಿದರೆ ಗಿಟ್ ನಮ್ಮ ಕಡೆಯದನ್ನೇ ಪೂರ್ತಿ ಇಟ್ಟುಕೊಳ್ಳುತ್ತದೆ; ಅಲ್ಲಿಂದ ಮುಂದೆ ಎಂದಿನ ಮರ್ಜ್. ಮೊದಲ ಪಿಆರ್‌ನಲ್ಲಿ ಕೈ ಹಾಕಬೇಡಿ ಅಂದದ್ದು ಇದಕ್ಕೇ: ಯಾರೋ ನಡುವೆ ತುರುಕಿದ ಒಂದು ಸಾಲಿನ ಫಿಕ್ಸ್ ಈ ಮರ್ಜ್‌ನಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ.

ಬ್ಲ್ಯಾಕ್‌ನ ಆವೃತ್ತಿಯನ್ನು ಒಂದೇ ನಂಬರಿಗೆ ಪಿನ್ ಮಾಡದಿದ್ದರೆ ಜನವರಿಯಲ್ಲಿ ಮತ್ತೆ ಇದೇ ರಗಳೆ. ಬ್ಲ್ಯಾಕ್ ತನ್ನ ಸ್ಥಿರ ಶೈಲಿಯನ್ನು ವರ್ಷಕ್ಕೊಮ್ಮೆ, ಆ ವರ್ಷದ ಮೊದಲ ಬಿಡುಗಡೆಯಲ್ಲಿ ಬದಲಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು, ಸಿಐನಲ್ಲಿ (ಕಳಿಸಿದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಇನ್ನೊಂದು ಆವೃತ್ತಿ ಇದ್ದರೆ ಒಬ್ಬ ಮಡಚಿದ್ದನ್ನು ಇನ್ನೊಬ್ಬ ಬಿಚ್ಚುತ್ತಾನೆ. ಪ್ರೀ-ಕಮಿಟ್‌ನಲ್ಲೂ (ಕಮಿಟ್‌ಗೆ ಮುಂಚೆ ಇಂಥ ಸಾಧನಗಳನ್ನು ಓಡಿಸುವ ಟೂಲ್) ಸಿಐನಲ್ಲೂ ಒಂದೇ ನಂಬರ್ ಇರಲಿ; ಸಿಐ ಬರೀ ಚೆಕ್ ಮಾಡಲಿ, ತಿದ್ದುವುದು ಬೇಡ.

ಪ್ರೀ-ಕಮಿಟ್‌ನದೇ ಒಂದು ತರಲೆ ಇದೆ. ಅದು ಬ್ಲ್ಯಾಕ್‌ಗೆ ಫೈಲ್ ಹೆಸರುಗಳನ್ನು ನೇರವಾಗಿ ಕೊಡುತ್ತದೆ. ಹೆಸರು ಹಿಡಿದು ಕೊಟ್ಟ ಫೈಲಿಗೆ, ಇವನ್ನು ಮುಟ್ಟಬೇಡ ಎನ್ನುವ 'ಎಕ್ಸ್‌ಕ್ಲೂಡ್' ನಿಯಮ ತಾಗುವುದಿಲ್ಲ, 'ಫೋರ್ಸ್-ಎಕ್ಸ್‌ಕ್ಲೂಡ್' ಬೇಕು. ಇದು ಗೊತ್ತಿಲ್ಲದೆ, ಪ್ರೋಟೊಬಫ್ ಎಂಬ ಟೂಲ್ ತಾನಾಗಿ ಹುಟ್ಟಿಸಿದ ಫೈಲುಗಳು ನಮ್ಮಲ್ಲಿ ಪ್ರತಿ ಬಿಲ್ಡ್‌ಗೂ ಡಿಫ್‌ನಲ್ಲಿ ಕಾಣಿಸಿಕೊಳ್ಳುತ್ತಿದ್ದವು.

ಮ್ಯಾನೇಜ್‌ಮೆಂಟ್ ಮೀಟಿಂಗ್‌ಗಳಲ್ಲಿ ಇದ್ಯಾವುದೂ ಬರಲಿಲ್ಲ. ಚರ್ಚೆಯೆಲ್ಲ ಸಾಲಿನ ಉದ್ದ 88 ಅಕ್ಷರ ಇರಲೋ 120 ಇರಲೋ ಅಂತ. ಬ್ಲ್ಯಾಕ್‌ನ ಡೀಫಾಲ್ಟ್ 88, ಹಾಗೇ ಬಿಟ್ಟೆವು.

ಹ್ಯಾಶ್ ಸರಿಮಾಡಿದ ಮೇಲೂ ಕೆಲಸ ಮುಗಿಯಲಿಲ್ಲ. ಗಿಟ್‌ಹಬ್ ಆ ಫೈಲನ್ನು ತಾನೇ ಓದಿಕೊಳ್ಳುತ್ತದೆ, ಆದರೆ ಪ್ರತಿಯೊಬ್ಬರ ಕ್ಲೋನ್‌ನಲ್ಲೂ (ರೆಪೊದ ಅವರವರ ಪ್ರತಿಯಲ್ಲಿ) ಆ ಫೈಲನ್ನು ಬಳಸು ಎನ್ನುವ ಒಂದು ಕಾನ್ಫಿಗ್ ಸಾಲು ಒಮ್ಮೆ ಬರೆಯಬೇಕು. ಒಬ್ಬರು ಅದನ್ನು ಗ್ಲೋಬಲ್ ಆಗಿ, ತಮ್ಮ ಎಲ್ಲ ರೆಪೊಗಳಿಗೂ ತಾಗುವಂತೆ ಬರೆದರು. ಆ ಫೈಲ್ ಇಲ್ಲದ ಬೇರೆ ರೆಪೊಗಳಲ್ಲೆಲ್ಲ ಬ್ಲೇಮ್ ಎರರ್ ಹೊಡೆದು ನಿಂತಿತು. ಈಗ ಆ ಸಾಲು ನಮ್ಮ ಸೆಟಪ್ ಸ್ಕ್ರಿಪ್ಟ್‌ನಲ್ಲಿದೆ. ಸ್ಕ್ರಿಪ್ಟ್ ಓಡಿಸದ ಹೊಸಬರು ಯಾರಾದರೂ ಬಂದರೆ, ಬಿಲ್ಲಿಂಗ್ ಬಗ್ಗೆ ಮೊದಲ ಮೆಸೇಜ್ ಇವತ್ತಿಗೂ ನನಗೇ.