ಬೀಗರ ಬಾವುಟದ ಸಿಂಹ

ಸ್ಕಾಟ್ಲೆಂಡಿನವರಾದ ನಮ್ಮ ಬೀಗರಿಗೆ ತಮ್ಮದೇ ಆದ ಲಾಂಛನವೊಂದಿದೆ: ನೀಲಿ ನೆಲದ (ಹಿನ್ನೆಲೆಯ) ಮೇಲೆ ಹಿಂಗಾಲೂರಿ ನಿಂತ ಚಿನ್ನದ ಸಿಂಹ. ಅದನ್ನು ಬಾವುಟವಾಗಿ ಹೊಲಿಯುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಇಂಥ ಲಾಂಛನ ಇಡೀ ಮನೆತನದ ಸೊತ್ತೆಂದು ನಾವು ಭಾವಿಸುತ್ತೇವಾದರೂ ಅಲ್ಲಿನ ಕಾನೂನಿನ ಪ್ರಕಾರ ಅದು ಒಬ್ಬ ವ್ಯಕ್ತಿಗೆ ಸೇರಿದ್ದು. 1672ರ ಶಾಸನದಂತೆ ಆರಂಭವಾದ ಲಾಂಛನಗಳ ನೋಂದಣಿಯನ್ನು ಎಡಿನ್‌ಬರೋದ ಲಾರ್ಡ್ ಲಯನ್ (ಲಾಂಛನಗಳ ಮುಖ್ಯ ಅಧಿಕಾರಿ) ನ್ಯಾಯಾಲಯ ಇಂದಿಗೂ ನಡೆಸಿಕೊಂಡು ಬಂದಿದೆ. ಹೀಗಿರುವಾಗ ಪ್ರವಾಸಿಗರ ಅಂಗಡಿಗಳಲ್ಲಿ ಮನೆತನದ ಹೆಸರಿಗೊಂದರಂತೆ ಮಾರುವ ಲಾಂಛನಗಳು ಬರೀ ವ್ಯಾಪಾರವೆಂದೇ ನನ್ನ ಅಭಿಪ್ರಾಯ.

ಲಾಂಛನವನ್ನು ಸಾಮಾನ್ಯವಾಗಿ ಗುರಾಣಿಯ ಮೇಲೆ ಚಿತ್ರಿಸುತ್ತಾರಾದರೂ ಬಾವುಟದ ಮೇಲೆ ಗುರಾಣಿಯ ಚಿತ್ರ ಬರೆಯುವುದಿಲ್ಲ. ಗುರಾಣಿಯ ನೆಲವೇ ಬಟ್ಟೆಯ ಅಂಚಿನವರೆಗೂ ಹರಡಿಕೊಳ್ಳಬೇಕು. ಸಿಂಹಕ್ಕೆ ಜರಿಯ ಟಿಶ್ಯೂ ಹಚ್ಚಬಹುದಲ್ಲವೇ ಎಂದು ಮಗಳು ಕೇಳಿದಳು. ಆದರೆ ಲಾಂಛನಶಾಸ್ತ್ರದಲ್ಲಿ ಹಳದಿಯೇ ಚಿನ್ನ, ಬಿಳಿಯೇ ಬೆಳ್ಳಿ. ಈ ಎರಡು ಲೋಹಗಳನ್ನು ಒಂದರ ಮೇಲೊಂದು ಇಡಬಾರದು, ಕೆಂಪು, ನೀಲಿ, ಹಸಿರಿನಂಥ ಬಣ್ಣಗಳನ್ನೂ ಹಾಗೆ ಇಡಬಾರದು ಎಂಬ ಹಳೆಯ ನಿಯಮದಿಂದಾಗಿ ಆಕೃತಿ ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಹೀಗಾಗಿ ನೀಲಿ ಮತ್ತು ಹಳದಿ ಪಾಪ್ಲಿನ್ ಸಾಕಾಯಿತು.

ನಿಜವಾದ ಕಸುಬಿರುವುದು ಸಿಂಹದ ದಿಕ್ಕಿನಲ್ಲಿ. ಬಾವುಟದ ಯಾವ ಬದಿಯಿಂದ ನೋಡಿದರೂ ಅದು ಕೋಲಿನ ಕಡೆಗೇ ಮುಖ ಮಾಡಿರಬೇಕು. ನಮ್ಮ ಗಂಡಭೇರುಂಡವಾಗಿದ್ದರೆ ಎರಡು ತಲೆಗಳಿಂದ ಈ ಚಿಂತೆಯೇ ಇರುತ್ತಿರಲಿಲ್ಲ. ಎರಡು ಬಾವುಟಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹೊಲಿಯುವವರಿದ್ದಾರೆ, ಆದರೆ ಅದು ಭಾರವಾಗಿ ಜೋಲುತ್ತದೆ. ಅದಕ್ಕಾಗಿ ನೀಲಿ ಬಟ್ಟೆಯ ಮೇಲೆ ಹಳದಿಯನ್ನು ಹಾಸಿ, ಕಚ್ಚಾ ಹೊಲಿಗೆ ಹಾಕಿ, ಸಿಂಹದ ಗೆರೆಯುದ್ದಕ್ಕೂ ಒತ್ತಾಗಿ ಜಿಗ್‌ಜಾಗ್ ಹೊಲಿದೆ. ಆಮೇಲೆ ಮುಂದಿನಿಂದ ಗೆರೆಯ ಹೊರಗಿನ ಹಳದಿಯನ್ನೂ ಹಿಂದಿನಿಂದ ಗೆರೆಯ ಒಳಗಿನ ನೀಲಿಯನ್ನೂ ಚಿಕ್ಕ ಕತ್ತರಿಯಿಂದ ಹೊಲಿಗೆಯ ಅಂಚಿಗೆ ಕತ್ತರಿಸಿ ತೆಗೆದೆ. ಆಗ ಎಲ್ಲೆಡೆ ಉಳಿಯುವುದು ಒಂದೇ ಪದರ, ಮತ್ತು ಹಿಂಬದಿಯಲ್ಲಿ ತಾನಾಗಿ ತಿರುವುಮುರುವಾಗಿ ಕಾಣುವ ಸಿಂಹ ಕೋಲನ್ನೇ ನೋಡುತ್ತದೆ. ಬಾಲದ ತುದಿಯ ಕುಚ್ಚಿನಲ್ಲಿ ಮಾತ್ರ ಕತ್ತರಿ ತಿರುಗಲು ಜಾಗವಿಲ್ಲದೆ ಬ್ಲೇಡಿನ ಮೊನೆಯಿಂದ ನೀಲಿಯ ಎಳೆಗಳನ್ನು ಬಿಡಿಸಬೇಕಾಯಿತು.

ನಾಲಿಗೆ ಮತ್ತು ಉಗುರುಗಳು ರೂಢಿಯಂತೆ ಕೆಂಪು. ಇಷ್ಟು ಸಣ್ಣ ಅಂಗಗಳಿಗೆ ಬಣ್ಣದ ನಿಯಮ ಅನ್ವಯಿಸುವುದಿಲ್ಲ. ಇವುಗಳನ್ನು ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುವ ಸ್ಯಾಟಿನ್ ಸ್ಟಿಚ್‌ನಲ್ಲಿ, ಗಂಟು ಹಾಕದೆ ನೂಲಿನ ತುದಿಯನ್ನು ಹೊಲಿಗೆಯೊಳಗೇ ಅಡಗಿಸಿ, ಕೈಯಲ್ಲೇ ತುಂಬಿದೆ. ಕೋಲಿನ ಕಡೆಗೆ ಕ್ಯಾನ್ವಾಸ್ ಪಟ್ಟಿ ಕೊಟ್ಟು, ಗಾಳಿಗೆ ಮೊದಲು ಹರಿಯುವ ಎದುರಿನ ಅಂಚನ್ನು ಮಡಚಿ ನಾಲ್ಕು ಸಾಲು ಹೊಲಿದಿದ್ದೇನೆ.