ಗೀರು ಬಿದ್ದ ಗೇಮ್ ಡಿಸ್ಕ್, ಬಿಳಿ ಪೇಸ್ಟ್, ಹಳೇ ಬನಿಯನ್

ಬಾಗಲಕೋಟೆಯ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದಾಗ ಅಣ್ಣನ ಪ್ಲೇಸ್ಟೇಷನ್ 2 ಡಿಸ್ಕ್‌ಗಳು ಪಾತ್ರೆ ಟ್ರಂಕಿನಲ್ಲಿ ಬಂದವು. ಕವರ್ ಇಲ್ಲ, ಒಂದರ ಮೇಲೊಂದು, ಟ್ರ್ಯಾಕ್ಟರ್‌ನಲ್ಲಿ ದಾರಿಯುದ್ದಕ್ಕೂ ಕುಲುಕಿಕೊಂಡು. ಅದರಲ್ಲೊಂದು ಕಾರ್ ರೇಸ್ ಗೇಮ್, ಬೇಸಿಗೆ ರಜೆ ಪೂರ್ತಿ ನಾವಿಬ್ಬರೂ ಆಡಿದ್ದು. ಮೊನ್ನೆ ಹಾಕಿದರೆ ಮೂರನೇ ರೇಸಿಗೆ ನಿಂತುಬಿಟ್ಟಿತು. "ಒಗಿ ಅತ್ಲಾಗ, ಹೋತು ಅದು" ಅಂದ ಅಣ್ಣ. ನನಗೆ ಮನಸ್ಸು ಬರಲಿಲ್ಲ.

ಗೀರು ಬಿತ್ತು ಅಂದ ಮಾತ್ರಕ್ಕೆ ಒಳಗಿನ ಗೇಮ್ ಅಳಿಸಿಹೋಗುವುದಿಲ್ಲ. ಡಿಸ್ಕಿನ ದಪ್ಪ 1.2 ಮಿ.ಮೀ. ಡಿವಿಡಿ ಆದರೆ ಡೇಟಾ ಕೂತಿರುವುದು ಸರಿಯಾಗಿ ನಡುವೆ, ಕೆಳಮೈಯಿಂದ ಸುಮಾರು 0.6 ಮಿ.ಮೀ. ಒಳಗೆ. ಗೀರು ಬಿದ್ದಿರುವುದು ಅದನ್ನು ಕಾಯುವ ಪ್ಲಾಸ್ಟಿಕ್‌ಗೆ. ಅದರ ಚೂಪು ಅಂಚಿಗೆ ಬಡಿದು ಲೇಸರ್ ಬೆಳಕು ಚೆದುರುತ್ತದೆ, ಮಷೀನಿಗೆ ಓದೋಕಾಗಲ್ಲ, ಅಷ್ಟೇ. ಆ ಅಂಚು ನುಣ್ಣಗಾದರೆ ಸಾಕು, ಗೆರೆ ಕಾಣದಷ್ಟು ಮಾಯವಾಗಬೇಕು ಅಂತೇನಿಲ್ಲ.

ಮೊದಲು ಒಂದು ಹನಿ ಸೋಪು ಹಚ್ಚಿ ಬೆಚ್ಚಗಿನ ನೀರಲ್ಲಿ ತೊಳೆದೆ. ಎಷ್ಟೋ ಸಲ ಬೆರಳಿನ ಜಿಡ್ಡು, ಧೂಳು ಹೋದರೇ ಡಿಸ್ಕ್ ಓಡುತ್ತದೆ. ಇದು ಓಡಲಿಲ್ಲ. ಆಮೇಲೆ ಜೋಳದ ಕಾಳಿನಷ್ಟು ಬಿಳಿ ಟೂತ್‌ಪೇಸ್ಟ್ ತೆಗೆದುಕೊಂಡು, ತೊಳೆದು ತೊಳೆದು ಮೆತ್ತಗಾದ ಬನಿಯನ್ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ. ಬಣ್ಣದ ಜೆಲ್ ಪೇಸ್ಟ್ ಬೇಡ.

ಉಜ್ಜುವ ದಿಕ್ಕು ಮಾತ್ರ ತಪ್ಪಬಾರದು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೆಟ್ಟಗೆ ಎಳೆಯಬೇಕು, ಗುಂಡಗೆ ತಿರುಗಿಸಿ ಉಜ್ಜಲೇಬೇಡಿ. ಡೇಟಾ ಸುರುಳಿ ಸುತ್ತಿಕೊಂಡು ಬರೆದಿರುತ್ತದೆ ಅಲ್ವಾ, ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲಿ ಚೂರೇ ಚೂರು ಮುಚ್ಚುತ್ತದೆ, ಅಷ್ಟನ್ನು ಮಷೀನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಜೊತೆಗೇ ಸಾಗಿದ ಗೀರು ಉದ್ದಕ್ಕೂ ನುಂಗಿಬಿಡುತ್ತದೆ. ನಾವೇ ಉಜ್ಜಿ ಅಂಥ ಗೀರು ಮಾಡಿಟ್ಟರೆ ಹೇಗೆ?

ಹತ್ತು ನಿಮಿಷ ಉಜ್ಜಿ, ತೊಳೆದು, ನೆರಳಲ್ಲಿ ಒಣಗಿಸಿದೆ. ಮೂರನೇ ರೇಸ್ ಶುರುವಾಯಿತು, ಅರ್ಧಕ್ಕೆ ಮತ್ತೆ ನಿಂತಿತು. ಆಳದ ಒಂದು ಗೀರಿಗೆ ಇನ್ನೊಂದು ಸಲ ಪೇಸ್ಟ್ ಹಾಕಿದ ಮೇಲೆ ಪೂರ್ತಿ ಓಡಿತು.

ಬ್ಲೂ-ರೇ ಡಿಸ್ಕ್ ಇದ್ದವರು ದಯವಿಟ್ಟು ಇದನ್ನು ಮಾಡಬೇಡಿ. ಅದರಲ್ಲಿ ಡೇಟಾ ಬರೀ 0.1 ಮಿ.ಮೀ. ಒಳಗಿರುತ್ತದೆ, ಮೇಲೊಂದು ಗಟ್ಟಿ ಲೇಪನ ಇರುತ್ತದೆ. ಪೇಸ್ಟ್ ಹಾಕಿದರೆ ಆ ಲೇಪನವೇ ಹಾಳು.

ಟ್ರಂಕಿನಲ್ಲಿ ಇನ್ನೂ ಹನ್ನೊಂದು ಡಿಸ್ಕ್ ಇವೆ. ಎರಡು, ಕೆಳಮೈ ನೀಲಿ ಇರುವ ಸಿಡಿಗಳು, ಲೇಬಲ್ ಕಡೆ ಕೆರೆದುಹೋಗಿವೆ. ಟ್ಯೂಬ್‌ಲೈಟಿಗೆ ಹಿಡಿದರೆ ಸೂಜಿ ತೂತಿನಷ್ಟು ಬೆಳಕು ಕಾಣುತ್ತದೆ. ಸಿಡಿಯಲ್ಲಿ ಡೇಟಾ ಲೇಬಲ್ ಕೆಳಗೇ ಇರುತ್ತದೆ, ಹಾಗಾಗಿ ಅವು ಹೋದ ಹಾಗೇ. ಉಳಿದ ಒಂಬತ್ತನ್ನು ಭಾನುವಾರ ತಾನೇ ತೊಳೆಯುತ್ತೇನೆ ಅಂತ ಅಣ್ಣ ಹೇಳಿದ್ದಾನೆ.